ಭಗತ್ ಸಿಂಗ್ ಹುಟ್ಟಿದ ಲಾಯಲ್‌ಪುರ ಈಗ ಎಲ್ಲಿದೆ? ಅಲ್ಲಿನ ಜನ ಯಾರು?

ಭಗತ್ ಸಿಂಗ್ ಲಾಯಲ್‌ಪುರದವರೆಂದು ಓದಿದ್ದೀರಿ, ಆದರೆ ಭೂಪಟದಲ್ಲಿ ಆ ಊರು ಸಿಗುತ್ತಿಲ್ಲ ಎಂದಿದ್ದೀರಿ. ಅದು ಪಾಕಿಸ್ತಾನದ ಪಂಜಾಬಿನಲ್ಲಿದೆ. 1977ರಲ್ಲಿ ಸೌದಿ ದೊರೆ ಫೈಸಲ್ ಅವರ ನೆನಪಿಗಾಗಿ ಅದಕ್ಕೆ ಫೈಸಲಾಬಾದ್ ಎಂದು ಹೆಸರಿಟ್ಟರು. ಭಗತ್ ಸಿಂಗ್ ಹುಟ್ಟಿದ್ದು ಪಟ್ಟಣದಲ್ಲಲ್ಲ, ಆ ಜಿಲ್ಲೆಯ ಬಂಗಾ ಎಂಬ ಹಳ್ಳಿಯಲ್ಲಿ. ಕಡತಗಳಲ್ಲಿ ಆ ಹಳ್ಳಿ ‘ಚಕ್ 105 ಜಿ.ಬಿ.’ ಚಕ್ ಎಂದರೆ ಕಾಲುವೆ ಸೀಮೆಯ ಹಳ್ಳಿ; ಜಿ.ಬಿ. ಎಂದರೆ ಗುಗೇರಾ ಬ್ರಾಂಚ್, ಅಂದರೆ ಹಳ್ಳಿಗೆ ನೀರುಣಿಸುವ ಕಾಲುವೆಯ ಕವಲು. ಆ ಸೀಮೆಗೆ ಮೊದಲು ಬಂದದ್ದು ಕಾಲುವೆ, ಊರುಗಳು ಹುಟ್ಟಿದ್ದು ಆಮೇಲೆ.

ರಾವಿ ಮತ್ತು ಚೆನಾಬ್ ನದಿಗಳ ನಡುವಿನ ಸಾಂದಲ್ ಬಾರ್ ಎಂಬ ಆ ಕುರುಚಲು ಬಯಲಿನಲ್ಲಿ ದನ, ಒಂಟೆ ಮೇಯಿಸುವವರಿದ್ದರು. 1892ರಲ್ಲಿ ಕೆಳ ಚೆನಾಬ್ ಕಾಲುವೆ ತೆರೆದ ಮೇಲೆ ಬ್ರಿಟಿಷ್ ಸರ್ಕಾರವು ಜಲಂಧರ್, ಅಮೃತಸರ, ಹೋಶಿಯಾರ್‌ಪುರದಂಥ ಜನದಟ್ಟಣೆಯ ಜಿಲ್ಲೆಗಳಿಂದ ರೈತರನ್ನು ಕರೆತಂದು ಅಲ್ಲಿ ಭೂಮಿ ಕೊಟ್ಟಿತು; ಭಗತ್ ಸಿಂಗ್ ಅವರ ಮನೆತನವೂ ಜಲಂಧರ್ ಸೀಮೆಯ ಖಟ್ಕಡ್ ಕಲಾಂನಿಂದ ಹೀಗೆಯೇ ಬಂದದ್ದು. ಮೊದಲಿನಿಂದ ಅಲ್ಲೇ ಇದ್ದವರಿಗೆ ಬಂದವರೆಲ್ಲ ಸೇರಿ ‘ಜಾಂಗ್ಲಿ’ (ಕಾಡುಜನ) ಎಂದು ಹೆಸರಿಟ್ಟದ್ದು ನನಗೆ ಈಗಲೂ ಕಸಿವಿಸಿ ಹುಟ್ಟಿಸುವ ಸಂಗತಿ.

ಈ ರೈತರ ಬೆಳೆಗಳಿಗೆ ಮಾರುಕಟ್ಟೆಯಾಗಿ ಕಟ್ಟಿದ ಪಟ್ಟಣಕ್ಕೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಜೇಮ್ಸ್ ಲಾಯಲ್ ಹೆಸರು ಬಂತು. ನಡುವೆ ಗಡಿಯಾರ ಗೋಪುರ, ಅದರಿಂದ ಹೊರಡುವ ಎಂಟು ಬಜಾರುಗಳು. ಇದು ಬ್ರಿಟಿಷ್ ಧ್ವಜದ ನಕಲು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಕಣ್ಣಿಗೆ ಬಜಾರುಗಳ ಹೆಸರುಗಳೇ ಹೆಚ್ಚು ಹೇಳುತ್ತವೆ: ಝಂಗ್, ಚಿನಿಯೋಟ್, ಭವಾನಾ ಎಂದು ಸುತ್ತಲಿನ ಊರುಗಳು, ಜೊತೆಗೆ ಕಚೇರಿ, ರೈಲು, ಕಾರ್ಖಾನೆ. ಸಿಖ್ ಮತ್ತು ಮುಸ್ಲಿಂ ರೈತರು ಬೆಳೆದ ಗೋಧಿ, ಹತ್ತಿ ಬಹುಮಟ್ಟಿಗೆ ಖತ್ರಿ, ಅರೋಡಾ ಎಂಬ ವ್ಯಾಪಾರಿ ಜಾತಿಗಳ ದಲಾಲರ ಕೈದಾಟಿ ರೈಲಿನಲ್ಲಿ ಕರಾಚಿ ಬಂದರಿಗೆ ಹೋಗುತ್ತಿತ್ತು.

1907ರಲ್ಲಿ ರೈತರಿಗೆ ಹೀಗೆ ಕೊಟ್ಟಿದ್ದ ಭೂಮಿಯ ಉತ್ತರಾಧಿಕಾರದ ಮೇಲೆ ಸರ್ಕಾರ ಬಿಗಿ ನಿಯಮ ಹೇರುವ ಮಸೂದೆ ತಂದಾಗ, ಲಾಯಲ್‌ಪುರದ ಸಭೆಯಲ್ಲಿ ಕವಿ ಬಾಂಕೆ ದಯಾಳ್ ‘ಪಗಡಿ ಸಂಭಾಲ್ ಜಟ್ಟಾ’ (ರೈತನೇ, ನಿನ್ನ ಪೇಟ ಕಾಪಾಡಿಕೋ) ಹಾಡಿದರು. ಚಳವಳಿಯ ಮುಂದಾಳು ಭಗತ್ ಸಿಂಗ್ ಅವರ ಚಿಕ್ಕಪ್ಪ ಅಜಿತ್ ಸಿಂಗ್. ಅವರನ್ನೂ ಲಾಲಾ ಲಜಪತ ರಾಯರನ್ನೂ ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಿದರಾದರೂ ವೈಸರಾಯ್ ಮಿಂಟೋ ಮಸೂದೆಗೆ ಒಪ್ಪಿಗೆ ಕೊಡಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಭಗತ್ ಸಿಂಗ್ ಹುಟ್ಟಿದರು.

1947ರಲ್ಲಿ ಸಿಖ್ಖರೂ ಹಿಂದೂಗಳೂ ಊರು ಬಿಟ್ಟರು. ಅವರಲ್ಲಿ ಎಷ್ಟೋ ಮಂದಿ ಅಜ್ಜಂದಿರು ಬಿಟ್ಟುಬಂದಿದ್ದ ಜಿಲ್ಲೆಗಳಿಗೇ ಮರಳಿದರು. ಅದೇ ಜಿಲ್ಲೆಗಳ ಮುಸ್ಲಿಮರು ಇತ್ತ ಬಂದರು. ಗಾಯಕ ನುಸ್ರತ್ ಫತೇ ಅಲಿ ಖಾನ್ ಜಲಂಧರಿನಿಂದ ಹಾಗೆ ಬಂದ ಕುಟುಂಬದಲ್ಲಿ 1948ರಲ್ಲಿ ಲಾಯಲ್‌ಪುರದಲ್ಲೇ ಹುಟ್ಟಿದವರು.

ಭೂಪಟದಲ್ಲಿ ಫೈಸಲಾಬಾದಿನ ಹತ್ತಿರ ಜರಾನ್‌ವಾಲಾ ಎಂಬ ಊರನ್ನು ಹುಡುಕಿ. ಬಂಗಾ ಆ ತಾಲ್ಲೂಕಿನಲ್ಲೇ ಇದೆ.