ಕೇದಾರಕಂಠದ ಹಾದಿ: ಡಿಸೆಂಬರ್ ಆರಂಭದಲ್ಲಿ ಇರುವ ಶೂ ಸಾಕೇ?

ಪ್ರಶ್ನೆ: ಡಿಸೆಂಬರ್ ಮೊದಲ ವಾರದಲ್ಲಿ ನಾವು ನಾಲ್ವರು ಗೆಳೆಯರು ಉತ್ತರಾಖಂಡದ ಕೇದಾರಕಂಠ ಚಾರಣಕ್ಕೆ ಹೊರಟಿದ್ದೇವೆ. ಕುಮಾರಪರ್ವತವನ್ನು ಎರಡು ಬಾರಿ ಹತ್ತಿದ ಅನುಭವವಿದೆ. ಆ ಹೊತ್ತಿಗೆ ಅಲ್ಲಿ ಹೆಚ್ಚು ಹಿಮ ಬಿದ್ದಿರುವುದಿಲ್ಲ, ಆದ್ದರಿಂದ ಇರುವ ಶೂಗಳೇ ಸಾಕು ಎಂದು ನಮ್ಮಲ್ಲೊಬ್ಬರು ಹೇಳುತ್ತಿದ್ದಾರೆ. ಇದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಿಮ ಕಡಿಮೆಯಿರುತ್ತದೆ ಎಂಬುದು ಹಲವು ವರ್ಷಗಳಲ್ಲಿ ನಿಜವಾಗಿರುತ್ತದೆ, ಆದರೆ ಶೂ ಸಾಕು ಎಂಬ ಮಾತನ್ನು ದಯವಿಟ್ಟು ಒಪ್ಪಬೇಡಿ. ಮೊಣಕಾಲುದ್ದ ಹಿಮ ಬಿದ್ದಾಗ ಕಾಲು ಹೂತು ನಿಲ್ಲುತ್ತದೆ. ಚಳಿಗಾಲದ ಆರಂಭದಲ್ಲಿ ಬೀಳುವ ತೆಳು ಹಿಮವಾದರೋ ಹಗಲಿನ ಬಿಸಿಲಿಗೆ ಅರೆಬರೆ ಕರಗಿ, ಚಾರಣಿಗರ ಮತ್ತು ಹೇಸರಗತ್ತೆಗಳ ತುಳಿತಕ್ಕೆ ಒತ್ತಿಕೊಂಡು, ರಾತ್ರಿಯ ಚಳಿಗೆ ಗಾಜಿನಂತಹ ಮಂಜುಗಡ್ಡೆಯಾಗುತ್ತದೆ. ಮರಗಳ ನೆರಳಿನ ತಿರುವುಗಳಲ್ಲಿ, ತೊರೆ ದಾಟುವ ಕಡೆಗಳಲ್ಲಿ ಇದು ಬಂಡೆಯ ಬಣ್ಣವನ್ನೇ ತೋರಿಸುವಷ್ಟು ತೆಳುವಾಗಿರುವುದರಿಂದ ಕಾಲಿಟ್ಟು ಜಾರುವ ತನಕ ಗೊತ್ತಾಗುವುದಿಲ್ಲ.

ಕುಮಾರಪರ್ವತದ ಎತ್ತರ 1,712 ಮೀಟರ್. ಕೇದಾರಕಂಠದ ಚಾರಣ ಶುರುವಾಗುವ ಸಾಂಕ್ರಿ ಗ್ರಾಮವೇ ಅದಕ್ಕಿಂತ ಎತ್ತರದಲ್ಲಿದೆ, ಶಿಖರವಂತೂ ಸುಮಾರು 3,800 ಮೀಟರ್. ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ, ಸಾಂಕ್ರಿಯಲ್ಲಿ ಹಿತವಾದ ಚಳಿಯಿದ್ದರೂ ಶಿಖರದಲ್ಲಿ ಅದಕ್ಕಿಂತ ಹನ್ನೆರಡು ಡಿಗ್ರಿಯಷ್ಟು ಕಡಿಮೆಯಿರಬಹುದು, ಗಾಳಿಯ ಕೊರೆತ ಬೇರೆ. ಅಂಥ ಚಳಿಯಲ್ಲಿ ಶೂ ಅಡಿಯ ರಬ್ಬರು ಬಿರುಸಾಗುತ್ತದೆ. ನಮ್ಮ ಘಟ್ಟದ ಒದ್ದೆ ಬಂಡೆಯ ಮೇಲೆ ನಿಮ್ಮನ್ನು ಕಾಪಾಡಿದ ಅದೇ ಶೂ ಇಲ್ಲಿ ಹಿಡಿತ ಕೊಡಲಾರದು.

ಆದ್ದರಿಂದ ಕಣಕಾಲು ಮುಚ್ಚುವ ಗಟ್ಟಿ ಶೂ, ಅದರ ಮೇಲೆ ತೊಡಿಸುವ ಮೈಕ್ರೊಸ್ಪೈಕ್ಸ್ (ಮಂಜುಗಡ್ಡೆಗೆ ಕಚ್ಚಿ ಹಿಡಿಯುವ ಸಣ್ಣ ಲೋಹದ ಮುಳ್ಳುಗಳ ಪಟ್ಟಿ), ಜೊತೆಗೆ ಎರಡು ಊರುಗೋಲುಗಳು ಪ್ರತಿಯೊಬ್ಬರಿಗೂ ಬೇಕು. ಸ್ಪೈಕ್ಸ್ ಸಾಂಕ್ರಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಪಡೆಯುವಾಗಲೇ ನಿಮ್ಮ ಶೂಗೆ ತೊಡಿಸಿ ನಾಲ್ಕು ಹೆಜ್ಜೆ ನಡೆದು ನೋಡಿ, ಏಕೆಂದರೆ ಸಡಿಲವಾದ ಸ್ಪೈಕ್ಸ್ ಇಳಿಜಾರಿನಲ್ಲಿ ಕಳಚಿದರೆ ಇದ್ದೂ ಇಲ್ಲದಂತೆ. ಮಂಜುಗಡ್ಡೆ ಎದುರಾದ ಮೇಲೆ ಹಾಕಿಕೊಳ್ಳೋಣ ಎಂದು ಕಾಯದೆ, ಸಮತಟ್ಟಾದ ಜಾಗದಲ್ಲಿ ಮೊದಲೇ ಹಾಕಿಕೊಳ್ಳಿ. ಹತ್ತಿಯ ಒಳ ಉಡುಪನ್ನು ಮನೆಯಲ್ಲೇ ಬಿಡಿ. ಬೆವರಿಗೆ ಒದ್ದೆಯಾದರೆ ಅದು ಬೇಗ ಒಣಗುವುದಿಲ್ಲ.

ಶಿಖರಕ್ಕೆ ಸಾಮಾನ್ಯವಾಗಿ ನಸುಕಿನ ಮೂರು, ನಾಲ್ಕರ ಹೊತ್ತಿಗೆ ಹೊರಡುತ್ತಾರೆ. ಹಾದಿ ಅತ್ಯಂತ ಗಟ್ಟಿಯಾಗಿ ಹೆಪ್ಪುಗಟ್ಟಿರುವುದು ಆಗಲೇ. ಆದರೂ ನನಗೆ ಹೆಚ್ಚು ಆತಂಕವಿರುವುದು ಇಳಿಯುವಾಗಿನ ಬಗ್ಗೆ: ದಣಿದ ಕಾಲು, ಮುಗಿಯಿತೆಂಬ ನಿರಾಳ, ಜೊತೆಗೆ ಕುಳಿತು ಜಾರಿಕೊಂಡು ಹೋಗುವ ಆಸೆ. ಸ್ಪೈಕ್ಸ್ ತೊಟ್ಟು ಹಾಗೆ ಜಾರಿದರೆ ಮುಳ್ಳು ನೆಲಕ್ಕೆ ಕಚ್ಚಿ ಕಣಕಾಲು ಮುರಿಯಬಹುದು. ತೊಡದೆ ಜಾರಿದರೆ ಗಟ್ಟಿ ಹಿಮದ ಮೇಲೆ ನಿಲ್ಲುವುದು ನಿಮ್ಮ ಕೈಯಲ್ಲಿರುವುದಿಲ್ಲ. ಎರಡೂ ಬೇಡ.

ತಲೆನೋವು, ವಾಂತಿ ಕಾಣಿಸಿಕೊಂಡವರನ್ನು ಮೇಲಕ್ಕೆ ಒಯ್ಯದೆ, ಒಬ್ಬಂಟಿಯಾಗಿಯೂ ಬಿಡದೆ ಕೆಳಗಿಳಿಸಿ. ಮಾರ್ಗದರ್ಶಕರು ಹಿಂದಿರುಗೋಣ ಎಂದರೆ ಮರುಮಾತಿಲ್ಲದೆ ತಿರುಗುವುದೆಂದು ನಾಲ್ವರೂ ಸಾಂಕ್ರಿಯಲ್ಲೇ ಒಪ್ಪಿಕೊಂಡಿರಿ.