ರಾಜಶೇಖರ್ ಕಟ್ಟಿದ ವೇದಿಕೆ ಮತ್ತು ನಿಮ್ಮ ಜಿಲ್ಲೆಯ ಗುಂಪು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಟಿ.ಬಿ. ರಾಜಶೇಖರ್ ಅವರ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಮ್ಮ ಹಿರಿಯರು ಇಂದಿಗೂ ಅವರನ್ನು ಪ್ರೀತಿಯಿಂದ ನೆನೆಯುತ್ತಾರೆ. ಅವರು ಮಾಡಿದ್ದೇನು? ನಮ್ಮ ಜಿಲ್ಲೆಯ ಗ್ರಂಥಪಾಲಕರಿಗೆ ವಾಟ್ಸ್‌ಆ್ಯಪ್ ಗುಂಪು ಇದೆ. ಅಷ್ಟು ಸಾಲದೇ?"
– ಕಾಲೇಜು ಗ್ರಂಥಪಾಲಕಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಸಾಲದು, ಮೇಡಂ. ಮೊದಲು ರಾಜಶೇಖರ್ ಅವರ ವಿಷಯಕ್ಕೆ ಬರೋಣ.

ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನ ಮಾಹಿತಿ ಕೇಂದ್ರ ಎನ್‌ಸಿಎಸ್‌ಐನಲ್ಲಿದ್ದರು. 1995ರಲ್ಲಿ ಅಲ್ಲಿಂದ ಅವರು ಕಟ್ಟಿದ, ಗ್ರಂಥಪಾಲಕರ 'ಲಿಸ್-ಫೋರಂ' ಎಂಬ ಇಮೇಲ್ ಚರ್ಚಾ ವೇದಿಕೆ ಶುರುವಾಯಿತು. ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದೂ ಅದೇ ವರ್ಷ, ಆಗಸ್ಟ್ 15ರಂದು. ಅಲ್ಲಿಯವರೆಗೆ ಇಮೇಲ್ ಇದ್ದದ್ದು ಬಹುಮಟ್ಟಿಗೆ ಅರ್ನೆಟ್ (ಶಿಕ್ಷಣ, ಸಂಶೋಧನೆಯ ಜಾಲ), ನಿಕ್‌ನೆಟ್ (ಸರ್ಕಾರಿ ಜಾಲ) ಇವುಗಳಿಗೆ ಸೇರಿದ ಸಂಸ್ಥೆಗಳಲ್ಲಿ ಮಾತ್ರ. ಒಂದು ಕಾಲೇಜಿಗೆ ಒಬ್ಬರೇ ಗ್ರಂಥಪಾಲಕರು; ಪುಸ್ತಕಕ್ಕೆ ಕೊಡುವ ವರ್ಗಾಂಕದ ಅನುಮಾನವಿರಲಿ, ತಂತ್ರಾಂಶದ ತೊಡಕಿರಲಿ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಅಂಥವರ ಪ್ರಶ್ನೆ ದೇಶದ ಉದ್ದಗಲಕ್ಕೂ ಒಮ್ಮೆಗೇ ತಲುಪುವಂತಾಯಿತು. 2002ರಲ್ಲಿ ಸಂಸ್ಥೆಯ ಸಂಶೋಧನಾ ಪ್ರಬಂಧಗಳ ಮುಕ್ತ ಭಂಡಾರ 'ಇಪ್ರಿಂಟ್ಸ್@ಐಐಎಸ್‌ಸಿ' ಬಂದದ್ದೂ ಅವರ ನೇತೃತ್ವದಲ್ಲೇ. ಅದರ ಬಗ್ಗೆ ಬೇರೆಯೇ ಬರೆಯಬೇಕು.

2005ರ ಜೂನ್‌ನಲ್ಲಿ ಅವರು ತೀರಿಕೊಂಡರು. ಲಿಸ್-ಫೋರಂ ಮಾತ್ರ ನಿಲ್ಲಲಿಲ್ಲ. ಅದು ಅವರ ಸ್ವಂತ ಖಾತೆಯಲ್ಲಿರದೆ ಸಂಸ್ಥೆಯ ಸರ್ವರ್‌ನಲ್ಲಿ, ಸಂಸ್ಥೆಯ ವಿಳಾಸದಲ್ಲಿತ್ತು. ನಮ್ಮ ದೃಷ್ಟಿಯಲ್ಲಿ ಅವರಿಂದ ಕಲಿಯಬೇಕಾದ ಮುಖ್ಯ ಪಾಠ ಇದೇ.

ವಾಟ್ಸ್‌ಆ್ಯಪ್ ಗುಂಪಿನ ಮಾತುಕತೆ ಉಳಿಯುವುದು ಅವರವರ ಫೋನಿನಲ್ಲಿ; ತೊಂದರೆ ಅಲ್ಲೇ ಇದೆ. (ಗುಡ್ ಮಾರ್ನಿಂಗ್ ಚಿತ್ರಗಳ ಮಾತು ಬಿಡಿ.) ಒಂದು ಉದಾಹರಣೆ ನೋಡಿ. ಪುಸ್ತಕಗಳ ಪಟ್ಟಿಯನ್ನು ಎಕ್ಸೆಲ್‌ನಿಂದ ಗ್ರಂಥಾಲಯ ತಂತ್ರಾಂಶ ಕೋಹಾಗೆ ಹಾಕುವಾಗ ಕನ್ನಡ ಶೀರ್ಷಿಕೆಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಕಾರಣ, ಕಡತವನ್ನು ಸಾದಾ ಸಿಎಸ್‌ವಿಯಾಗಿ ಉಳಿಸಿರುತ್ತಾರೆ. 'ಸಿಎಸ್‌ವಿ ಯುಟಿಎಫ್-8' ಆರಿಸಿದರೆ ಸರಿಹೋಗುತ್ತದೆ. ಪಟ್ಟಿಯನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅದಕ್ಕೂ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಈ ಉತ್ತರ ಒಮ್ಮೆ ಬರೆದಿಟ್ಟರೆ ಸಾಕು. ಆದರೆ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಚರ್ಚೆ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಫೋನ್ ಬದಲಾದರೆ ಹಳೆಯದು ಹೋಗಬಹುದು. ಮುಂದಿನ ವರ್ಷ ಸೇರಿದವರು ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ, ಉತ್ತರಿಸಿ ಬೇಸತ್ತವರು ಸುಮ್ಮನಾಗುತ್ತಾರೆ. ಲಿಸ್-ಫೋರಂನಂಥ ಇಮೇಲ್ ಪಟ್ಟಿಯಲ್ಲಿ (ಒಂದು ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ತಲುಪುವಂಥದ್ದು) ಪ್ರತಿ ಚರ್ಚೆಗೂ ವಿಷಯದ ಸಾಲು ಇರುತ್ತದೆ, ಹಳೆಯದನ್ನು ಹುಡುಕಬಹುದು.

ಇಂಥ ಪಟ್ಟಿ ನಡೆಸಲು ನಿಮ್ಮ ಜಿಲ್ಲೆಗೆ ಗೂಗಲ್ ಗ್ರೂಪ್ಸ್ ಸಾಕು, ಖರ್ಚಿಲ್ಲ. ಗ್ರಂಥಾಲಯದ ಹೆಸರಿನಲ್ಲೇ ಒಂದು ಜಿಮೇಲ್ ತೆರೆದು, ಅದನ್ನೇ ಗುಂಪಿನ ಮಾಲೀಕ ಖಾತೆ ಮಾಡಿ. ಬೇರೆ ಕಾಲೇಜಿನ ಇನ್ನೊಂದು ಗ್ರಂಥಾಲಯದ ಖಾತೆಯನ್ನೂ ಮಾಲೀಕರಾಗಿ ಸೇರಿಸಿ. ಸದಸ್ಯರ ಪಟ್ಟಿ ನಿರ್ವಾಹಕರಿಗೆ ಮಾತ್ರ ಕಾಣಲಿ. ಇಲ್ಲವಾದರೆ ಪುಸ್ತಕ ವ್ಯಾಪಾರಿಗಳು ವಿಳಾಸಗಳನ್ನೆಲ್ಲ ಎತ್ತಿಕೊಳ್ಳುತ್ತಾರೆ. ಹೊಸಬರ ಮೊದಲ ಒಂದೆರಡು ಪತ್ರಗಳನ್ನು ನೋಡಿ ಬಿಡಿ, ಆಮೇಲೆ ಅಡ್ಡಿ ಬೇಡ. ಎಲ್ಲರ ಎಲ್ಲ ಪತ್ರವನ್ನೂ ತಡೆದು ನೋಡಲು ಹೊರಟರೆ ನಿರ್ವಾಹಕರು ರಜೆ ಹಾಕಿದ ವಾರ ಗುಂಪೇ ಸ್ತಬ್ಧ. ದಿನಕ್ಕೆ ಹತ್ತು ಪತ್ರ ಬೇಡವೆನ್ನುವವರಿಗೆ ಎಲ್ಲವನ್ನೂ ಒಟ್ಟುಗೂಡಿಸಿ ಕಳಿಸುವ 'ಡೈಜೆಸ್ಟ್' ಆಯ್ಕೆ ತೋರಿಸಿಕೊಡಿ. ಅದು ಗೊತ್ತಿಲ್ಲದೆ ಗುಂಪು ಬಿಡುವವರೇ ಹೆಚ್ಚು.

ಪ್ರತ್ಯುತ್ತರ ಪೂರ್ವನಿಯೋಜಿತವಾಗಿ ಯಾರಿಗೆ ಹೋಗಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಗುಂಪಿಗೆ ಹೋದರೆ ಒಬ್ಬರಿಗೆ ಬರೆದ ಖಾಸಗಿ ಮಾತು ಎಲ್ಲರಿಗೂ ತಲುಪುವ ಅಪಾಯ, "ಧನ್ಯವಾದ ಸರ್"ಗಳ ಸಾಲು. ಬರೆದವರಿಗಷ್ಟೇ ಹೋದರೆ ಒಳ್ಳೆಯ ಉತ್ತರ ಸಂಗ್ರಹಕ್ಕೇ ಸೇರುವುದಿಲ್ಲ. ನಮ್ಮ ಮತ ಎರಡನೆಯದಕ್ಕೆ, ಒಂದು ಷರತ್ತಿನ ಮೇಲೆ: ಪ್ರಶ್ನೆ ಕೇಳಿದವರು ವಾರದೊಳಗೆ ಬಂದ ಉತ್ತರಗಳನ್ನು ಒಂದೇ ಪತ್ರದಲ್ಲಿ ಕ್ರೋಡೀಕರಿಸಿ ಗುಂಪಿಗೆ ಹಾಕಬೇಕು.

ಪ್ರಬಂಧದ ಪಿಡಿಎಫ್ ಕೇಳುವ ಪತ್ರಗಳು ಬಂದೇ ಬರುತ್ತವೆ. ಇದ್ದವರು ಕೇಳಿದವರೊಂದಿಗೆ ನೇರವಾಗಿ ಮಾತಾಡಿಕೊಳ್ಳಲಿ. ಹಕ್ಕುಸ್ವಾಮ್ಯವಿರುವ ಕಡತವನ್ನು ಗುಂಪಿಗೆ ಹಾಕುವುದೆಂದರೆ ಪ್ರತಿ ಸದಸ್ಯರಿಗೂ ಒಂದೊಂದು ನಕಲು ಹಂಚಿದಂತೆ.

ಸ್ವಂತ ಸರ್ವರ್‌ನಲ್ಲಿ ಇಮೇಲ್ ಪಟ್ಟಿಯ ತಂತ್ರಾಂಶ ಮೇಲ್‌ಮನ್ ನಡೆಸುವ ಉತ್ಸಾಹಿಗಳಿದ್ದರೆ ಒಂದು ಎಚ್ಚರಿಕೆ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ (ತನ್ನ ಹೆಸರಿನ ಪತ್ರ ನಿಜಕ್ಕೂ ತನ್ನಿಂದಲೇ ಬಂದಿದೆಯೇ ಎಂದು ಪರೀಕ್ಷಿಸಲು ಇರುವಂಥದ್ದು) ಬಿಗಿಗೊಳಿಸಿದಾಗ ಜಗತ್ತಿನ ಅನೇಕ ಪಟ್ಟಿಗಳಲ್ಲಿ ಯಾಹೂ ಸದಸ್ಯರ ಪತ್ರಗಳು ತಿರಸ್ಕೃತವಾಗತೊಡಗಿದವು. ಅವು ಯಾಹೂ ಹೆಸರಿನಲ್ಲಿದ್ದರೂ ಹೊರಡುತ್ತಿದ್ದುದು ಪಟ್ಟಿಯ ಸರ್ವರ್‌ನಿಂದ. ಪತ್ರ ಪಡೆಯಬೇಕಿದ್ದವರ ಹೆಸರಿನಲ್ಲಿ ಪಟ್ಟಿಯ ತಂತ್ರಾಂಶ ಇಡುವ ತಿರಸ್ಕಾರದ ಲೆಕ್ಕ ಏರಿ, ಏನೂ ತಪ್ಪು ಮಾಡದ ಬೇರೆ ಸದಸ್ಯರಿಗೂ ಪತ್ರ ನಿಂತುಹೋಯಿತು. ಕಳಿಸಿದವರ ವಿಳಾಸದ ಜಾಗದಲ್ಲಿ ಪಟ್ಟಿಯ ವಿಳಾಸ ಬರುವಂತೆ ಮೇಲ್‌ಮನ್‌ನಲ್ಲಿ ಹೊಂದಿಸುವುದೇ ಇದಕ್ಕೆ ಪರಿಹಾರ.

ಗೂಗಲ್ ಟೇಕ್‌ಔಟ್ ಮೂಲಕ ಆರು ತಿಂಗಳಿಗೊಮ್ಮೆ ಸಂಗ್ರಹದ ಪ್ರತಿ ಇಳಿಸಿ ಎರಡು ಕಾಲೇಜುಗಳಲ್ಲಿ ಇಡಿ. ವರ್ಗಾವಣೆಯಾದಾಗ ಪರಿಗ್ರಹಣ ವಹಿ (ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ದಾಖಲೆ), ಬೀರುವಿನ ಕೀಲಿಗಳ ಜೊತೆಗೆ ಆ ಜಿಮೇಲ್ ಖಾತೆಯನ್ನೂ ಚಾರ್ಜ್ ಲಿಸ್ಟ್‌ನಲ್ಲಿ ನಮೂದಿಸಿ. ಎರಡು ಹಂತದ ಪರಿಶೀಲನೆಗೆ ಕೊಟ್ಟ ಮೊಬೈಲ್ ಸಂಖ್ಯೆಯನ್ನು ಬದಲಿಸದೆ ಹೋದರೆ ಪಾಸ್‌ವರ್ಡ್ ಇದ್ದೂ ಹೊಸಬರು ಒಳಗೆ ಹೋಗಲಾರರು.