ಅಣುಬಾಂಬ್ ಇಲ್ಲದ ಅಣು ಜಲಾಂತರ್ಗಾಮಿ

ಪ್ರಶ್ನೆ: ‘ಆಕಸ್’ ಒಪ್ಪಂದದಿಂದ ಆಸ್ಟ್ರೇಲಿಯಾ ಅಣ್ವಸ್ತ್ರ ದೇಶವಾಗುತ್ತದೆಯೇ? ಇಲ್ಲವಾದರೆ ಇಷ್ಟೊಂದು ತಕರಾರು ಯಾಕೆ?

ಉತ್ತರ: ಆಗುವುದಿಲ್ಲ. ಅಮೆರಿಕ ಮತ್ತು ಬ್ರಿಟನ್ ಜೊತೆ 2021ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದ ಈ ಕೂಟದಿಂದ ಅದಕ್ಕೆ ಸಿಗುವುದು ಪರಮಾಣು ಶಕ್ತಿಯಿಂದ ಓಡುವ ಜಲಾಂತರ್ಗಾಮಿ. ಅದರೊಳಗಿನ ಟಾರ್ಪೆಡೊ, ಕ್ಷಿಪಣಿಗಳು ಸಾಂಪ್ರದಾಯಿಕವೇ. ಡೀಸೆಲ್ ಜಲಾಂತರ್ಗಾಮಿಯಾದರೆ ಬ್ಯಾಟರಿ ಚಾರ್ಜ್ ಮಾಡಲು ಗಾಳಿಕೊಳವೆಯನ್ನು ನೀರಿನ ಮೇಲೆ ಎತ್ತಲೇಬೇಕು, ಶತ್ರುವಿನ ಕಣ್ಣಿಗೆ ಬೀಳುವುದು ಆಗಲೇ. ರಿಯಾಕ್ಟರ್ ಇದ್ದರೆ ಆ ಪಾಡಿಲ್ಲ. ಸಿಬ್ಬಂದಿಯ ಆಹಾರ ಮುಗಿಯುವ ತನಕ ಮುಳುಗಿಯೇ ಇರಬಹುದು.

ಕಗ್ಗಂಟು ಇರುವುದು ಇಂಧನದಲ್ಲಿ. ವಿದ್ಯುತ್ ಸ್ಥಾವರದ ಇಂಧನದಲ್ಲಿ ಯುರೇನಿಯಂ-235 (ಸುಲಭವಾಗಿ ಸೀಳಿ ಶಕ್ತಿ ಕೊಡುವ ಯುರೇನಿಯಂ ಬಗೆ) ಸಾಮಾನ್ಯವಾಗಿ ಶೇ 3ರಿಂದ 5ರಷ್ಟು. ಅಮೆರಿಕದ ಜಲಾಂತರ್ಗಾಮಿಗಳಲ್ಲಿ ಶೇ 90ಕ್ಕೂ ಹೆಚ್ಚು, ಅಂದರೆ ಬಾಂಬಿಗೂ ಒದಗುವ ದರ್ಜೆ. ಹಾಗಿರುವುದರಿಂದಲೇ ಸುಮಾರು 33 ವರ್ಷ ಇಂಧನ ಬದಲಿಸಬೇಕಿಲ್ಲ. ಬೆಸುಗೆ ಹಾಕಿ ಮುಚ್ಚಿದ ರಿಯಾಕ್ಟರ್ ಹೊರಗಿನಿಂದ ಬರುತ್ತದೆ. ಯುರೇನಿಯಂ ಸಂವರ್ಧನೆಯಾಗಲಿ (ಯುರೇನಿಯಂ-235ರ ಪ್ರಮಾಣ ಹೆಚ್ಚಿಸುವುದು), ಬಳಸಿದ ಇಂಧನದ ಮರುಸಂಸ್ಕರಣೆಯಾಗಲಿ ತಾನು ಮಾಡುವುದಿಲ್ಲ ಎಂದು ಆಸ್ಟ್ರೇಲಿಯಾ ಮಾತು ಕೊಟ್ಟಿದೆ. ಬಳಸಿ ಮುಗಿದ ಇಂಧನದ ವಿಲೇವಾರಿ ಮಾತ್ರ ಅದರ ತಲೆಗೇ.

ಅಣು ಇಂಧನ ಬಾಂಬಿಗೆ ಹೋಗದಂತೆ ಕಾಯಲು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಜೊತೆ ಮಾಡಿಕೊಂಡ ಸುರಕ್ಷತಾ ಒಪ್ಪಂದದ 14ನೇ ವಿಧಿ, ಹಡಗಿನ ಇಂಧನವನ್ನು ಮಾಮೂಲಿ ತಪಾಸಣೆಯಿಂದ ಹೊರಗಿಡಲು ಅವಕಾಶ ಕೊಡುತ್ತದೆ. ಚೀನಾದ ಆಕ್ಷೇಪ ಇದರ ಮೇಲೆಯೇ. ಮುಚ್ಚಿದ ರಿಯಾಕ್ಟರಿನಿಂದ ಇಂಧನ ಕದಿಯುವುದು ಸುಲಭವಲ್ಲ, ನಿಜ. ಆದರೆ ಸ್ವಂತ ಸಂವರ್ಧನಾ ಘಟಕ ಇರುವ ಇನ್ನೊಂದು ದೇಶ ನಾಳೆ ಇದೇ ವಿಧಿ ತೋರಿಸಿ ‘ನನಗೂ ಆ ವಿನಾಯಿತಿ ಕೊಡಿ’ ಎಂದರೆ? ನನ್ನ ದೃಷ್ಟಿಯಲ್ಲಿ ಗಟ್ಟಿಯಾದ ಆಕ್ಷೇಪ ಇದೊಂದೇ.

ಪ್ರಶ್ನೆ: ಈ ಬಗ್ಗೆ ಜನಾಭಿಪ್ರಾಯ ಸಮೀಕ್ಷೆಗಳನ್ನು ಎಷ್ಟು ನಂಬಬಹುದು?

ಉತ್ತರ: ಶೇಕಡಾವಾರು ನೋಡುವ ಮುನ್ನ ಕೇಳಿದ ಪ್ರಶ್ನೆಯನ್ನು ಓದಿ. ‘ದೇಶಕ್ಕೆ ಜಲಾಂತರ್ಗಾಮಿ ಬೇಕೇ?’ ಎಂಬುದೇ ಬೇರೆ. 2050ರ ದಶಕದ ಮಧ್ಯದವರೆಗೆ 26,800ರಿಂದ 36,800 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂಬ ಸರ್ಕಾರಿ ಅಂದಾಜನ್ನು ಮುಂದಿಟ್ಟು ಕೇಳುವುದೇ ಬೇರೆ. ‘ಅಣುಚಾಲಿತ’ ಮತ್ತು ‘ಅಣ್ವಸ್ತ್ರ’ದ ವ್ಯತ್ಯಾಸ ಹೇಳಿದ್ದಾರೆಯೇ ನೋಡಿ. ಮೊದಲ ಮೂರು, ಅಮೆರಿಕದ ವರ್ಜೀನಿಯಾ ದರ್ಜೆಯ ಜಲಾಂತರ್ಗಾಮಿಗಳು, 2030ರ ದಶಕದ ಆರಂಭದಿಂದ ಒಂದೊಂದಾಗಿ ಬರಬೇಕು. ಅದಕ್ಕೂ ತನ್ನ ನೌಕಾಬಲಕ್ಕೆ ಪೆಟ್ಟು ಬೀಳದೆಂದು ಅಮೆರಿಕದ ಅಧ್ಯಕ್ಷರು ದೃಢೀಕರಿಸಬೇಕು. ಇದನ್ನು ತಿಳಿಸದೆ ಪಡೆದ ‘ಹೌದು’ ಅರೆಬೆಂದದ್ದು.

ಪ್ರಶ್ನೆ: ಇವು ನ್ಯೂಜಿಲೆಂಡ್ ಬಂದರಿಗೆ ಹೋಗಬಹುದೇ?

ಉತ್ತರ: ಇಲ್ಲ. ಅಲ್ಲಿನ 1987ರ ಕಾಯ್ದೆ ಪರಮಾಣು ಚಾಲಿತ ಹಡಗುಗಳನ್ನು ತಡೆಯುತ್ತದೆ. ನೆರೆಯ ಮಿತ್ರನಿಗೂ ವಿನಾಯಿತಿಯಿಲ್ಲ.